ಬ್ಲಾಕ್ಸ್ ಡಬ್ಬ ಎತ್ತಿಡಬೇಡಿ

ನಿಮ್ಮ ಪತ್ರ ಓದಿದೆ. ಏಳು ವರ್ಷದ ಮಗ ಗಂಟೆಗಟ್ಟಲೆ ಬ್ಲಾಕ್ಸ್ ಜೋಡಿಸುತ್ತಾನೆ, ಆದರೆ 4 + __ = 11 ಎಂದು ಬರೆದುಕೊಟ್ಟರೆ ಖಾಲಿ ಜಾಗದಲ್ಲಿ 15 ತುಂಬಿಬಿಡುತ್ತಾನೆ. ‘ಆಟ ಬಿಡಿಸಿ ಮಗ್ಗಿ ಬಾಯಿಪಾಠ ಮಾಡಿಸಲಾ?’ ಎಂದು ಕೇಳಿದ್ದೀರಿ. ಮಗ್ಗಿ ಬೇಡ ಅನ್ನುವುದಿಲ್ಲ. ಡಬ್ಬ ಮಾತ್ರ ಎತ್ತಿಡಬೇಡಿ. ಜಾಗ, ದೂರ, ಎತ್ತರದ ಅರಿವಿಗೂ ಸಂಖ್ಯೆಯ ಅರಿವಿಗೂ ನಂಟಿದೆ.

ಮೊದಲು ಒಂದು ಸಣ್ಣ ಕೆಲಸ ಮಾಡಿ. ಹಾಳೆಯ ಮೇಲೆ ಉದ್ದಕ್ಕೊಂದು ಗೆರೆ ಎಳೆಯಿರಿ. ಎಡತುದಿಗೆ 0, ಬಲತುದಿಗೆ 100. ನಡುವೆ ಏನೂ ಬೇಡ. ‘10 ಎಲ್ಲಿ ಬರುತ್ತೆ, ಗುರುತು ಹಾಕು’ ಅನ್ನಿ. ಚಿಕ್ಕ ಮಕ್ಕಳು ಎಷ್ಟೋ ಸಲ ಅದನ್ನು ಗೆರೆಯ ಮಧ್ಯದ ಕಡೆಗೆ ಎಳೆದು ತರುತ್ತಾರೆ. 60, 70, 90 ಎಲ್ಲ ಬಲತುದಿಯಲ್ಲಿ ಒಂದರ ಮೈಮೇಲೊಂದು ಬೀಳುತ್ತವೆ. ನೂರರವರೆಗೆ ಎಣಿಸಲು ಬರುತ್ತೆ, ನಿಜ. ಆದರೆ 10ರಿಂದ 20ಕ್ಕೆ ಎಷ್ಟು ದೂರವೋ 70ರಿಂದ 80ಕ್ಕೂ ಅಷ್ಟೇ ದೂರ ಅನ್ನುವುದು ಇನ್ನೂ ಕಣ್ಣಿಗೆ ಕಟ್ಟಿರುವುದಿಲ್ಲ. ಎರಡನೇ ತರಗತಿ ಹೊತ್ತಿಗೆ ಇದು ಹೆಚ್ಚುಕಮ್ಮಿ ಸರಿಹೋಗುತ್ತದೆ. ತಮಾಷೆ ಅಂದರೆ, ಅದೇ ಮಗುವಿಗೆ 1000ದವರೆಗಿನ ಗೆರೆ ಕೊಟ್ಟರೆ ಮತ್ತೆ ಹಳೇ ಕಥೆ!

ಇಂಥದ್ದೊಂದು ಗೆರೆ ದೊಡ್ಡವರ ತಲೆಯಲ್ಲೂ ಇರುವಂತಿದೆ. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆ ಇರುವುದು ಗಮನಕ್ಕೇ ಬರುವುದಿಲ್ಲ. 2002ರ ಒಂದು ಅಧ್ಯಯನದಲ್ಲಿ ಅಂಥವರನ್ನು 2ಕ್ಕೂ 6ಕ್ಕೂ ಸರಿಯಾಗಿ ಮಧ್ಯದ ಸಂಖ್ಯೆ ಕೇಳಿದರೆ 4 ಅನ್ನುವ ಬದಲು 5 ಎನ್ನುತ್ತಿದ್ದರು. ಕೂಡುವುದು ಕಳೆಯುವುದು ಚೆನ್ನಾಗೇ ಬರುತ್ತಿತ್ತು. ಕಣ್ಣೆದುರು ಗೆರೆಯೇ ಇರಲಿಲ್ಲ, ಆದರೂ ಉತ್ತರ ಬಲಕ್ಕೆ ಜಾರಿತ್ತು.

ಸೀಗ್ಲರ್ ಮತ್ತು ರಮಣಿ ಎಂಬ ಸಂಶೋಧಕರು 2008ರಲ್ಲಿ ಶಾಲೆಗೆ ಸೇರುವ ಮುಂಚಿನ ಮಕ್ಕಳಿಗೆ ಒಂದು ಬೋರ್ಡ್ ಗೇಮ್ ಆಡಿಸಿದರು. 1ರಿಂದ 10ರವರೆಗೆ ಸಾಲಾಗಿ ಮನೆಗಳು, ಅಷ್ಟೇ. ಸುಮಾರು ಒಂದು ಗಂಟೆಯ ಆಟ, ಅದೂ ನಾಲ್ಕು ಕಂತಿನಲ್ಲಿ. ಗೆರೆಯ ಮೇಲೆ ಸಂಖ್ಯೆ ಎಲ್ಲಿ ಬರುತ್ತೆ ಅನ್ನುವ ಮಕ್ಕಳ ಅಂದಾಜು ಸುಧಾರಿಸಿತು. ಅದೇ ಆಟವನ್ನು ಸಂಖ್ಯೆ ತೆಗೆದು ಬರೀ ಬಣ್ಣದ ಮನೆಗಳಲ್ಲಿ ಆಡಿದವರಿಗೆ ಆ ಲಾಭ ಸಿಗಲಿಲ್ಲ.

ಹಾಗಂತ ಸುಮ್ನೆ ಬ್ಲಾಕ್ಸ್ ಆಡಿದರೆ ಲೆಕ್ಕ ತಾನಾಗೇ ಬರುತ್ತೆ ಅಂತ ನಾನು ಹೇಳಲಾರೆ. ಆಕೃತಿಗಳನ್ನು ಮನಸ್ಸಿನಲ್ಲೇ ತಿರುಗಿಸುವ ಅಭ್ಯಾಸ ಮಾಡಿದ 6ರಿಂದ 8 ವರ್ಷದ ಮಕ್ಕಳು ನಿಮ್ಮ ಮಗ ತಪ್ಪುವಂಥ ಲೆಕ್ಕಗಳನ್ನೇ ಜಾಸ್ತಿ ಸರಿ ಮಾಡಿದರು ಎಂದು 2014ರಲ್ಲಿ ವರದಿಯಾಯಿತು. ಮರುವರ್ಷದ ಇನ್ನೊಂದು ಅಧ್ಯಯನದಲ್ಲಿ ಆ ಫಲ ಕಾಣಲಿಲ್ಲ. ಆಟದೊಳಗೆ ಸಂಖ್ಯೆಯನ್ನೂ ಎಳೆದು ತರಬೇಕು ಅನ್ನುವುದು ನನ್ನ ಅನಿಸಿಕೆ.

ಅವನ ಕೈಯಲ್ಲೇ 11 ಬ್ಲಾಕಿನ ಒಂದು ಗೋಪುರ ಕಟ್ಟಿಸಿ. ಪಕ್ಕದಲ್ಲೇ 4ರದ್ದು. ‘ಈ ಗಿಡ್ಡದ್ದು ಅದರಷ್ಟೇ ಎತ್ತರ ಆಗೋಕೆ ಇನ್ನೆಷ್ಟು ಬೇಕು?’ ಅಂತ ಕೇಳಿ. 15 ಅನ್ನಲಿಕ್ಕಿಲ್ಲ.