ಸೆನ್ಸರ್ ರೀಡಿಂಗ್‌ಗಳ ಮಧ್ಯದ ಖಾಲಿ ಜಾಗ ತುಂಬುವುದು

ಹಸಿರುಮನೆಯ ಸೆನ್ಸರ್ ಹತ್ತು ನಿಮಿಷಕ್ಕೊಮ್ಮೆ ಕೊಡುವ ರೀಡಿಂಗ್‌ಗಳಲ್ಲಿ ಅಲ್ಲಲ್ಲಿ ಬಿಟ್ಟುಹೋಗಿದೆ, ಅದನ್ನು ತುಂಬಲು ಆರ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಝೂ ಪ್ಯಾಕೇಜಿನ ಎನ್‌ಎ ಡಾಟ್ ಅಪ್ರಾಕ್ಸ್ ಫಂಕ್ಷನ್ ಬಳಸಿದರೆ ಸಾಲುಗಳ ಸಂಖ್ಯೆ ಹೊಂದುತ್ತಿಲ್ಲ ಎಂದು ಎರರ್ ಬರುತ್ತಿದೆ ಅಂದಿರಿ. ಖಾಲಿ ಜಾಗದ ಎರಡೂ ಬದಿಯಲ್ಲಿ ಅಂಕಿ ಇದ್ದರೆ ಮಾತ್ರ ಆ ಫಂಕ್ಷನ್ ನಡುವೆ ನೇರ ಗೆರೆ ಎಳೆದು ತುಂಬುತ್ತದೆ. ಕಾಲಂನ ಶುರುವಿನಲ್ಲೋ ಕೊನೆಯಲ್ಲೋ ಎನ್‌ಎ (ಅಂಕಿ ಇಲ್ಲ ಎಂಬ ಗುರುತು) ಇದ್ದರೆ ಅವನ್ನು ಕಿತ್ತುಹಾಕುತ್ತದೆ, ಹಾಗಾಗಿ ಉದ್ದ ಕಡಿಮೆಯಾಗುತ್ತದೆ. ಫಂಕ್ಷನ್‌ನ ಎನ್‌ಎ ಡಾಟ್ ಆರ್‌ಎಂ ಆಯ್ಕೆಯನ್ನು ಫಾಲ್ಸ್ ಮಾಡಿ, ಎರರ್ ಹೋಗುತ್ತದೆ. ರೂಲ್ ಆಯ್ಕೆಗೆ 2 ಕೊಟ್ಟರೆ ತುದಿಯ ಅಂಕಿಯನ್ನೇ ಕೊನೆಯವರೆಗೂ ಎಳೆದು ತುಂಬುತ್ತದೆ. ಅದನ್ನು ನಾನು ಬಳಸುವುದಿಲ್ಲ, ಅಳೆಯದೇ ಇದ್ದದ್ದನ್ನು ಅಳೆದಂತೆ ತೋರಿಸುತ್ತದೆ.

ಇನ್ನೊಂದು ವಿಷಯ ದಯವಿಟ್ಟು ನೋಡಿ. ಸೆನ್ಸರ್ ನಿಂತಾಗ ರೀಡಿಂಗ್ ದಾಖಲಿಸುವ ಎಷ್ಟೋ ಲಾಗರ್‌ಗಳು ಎನ್‌ಎ ಬರೆಯುವುದಿಲ್ಲ, ಆ ಸಾಲನ್ನೇ ಬರೆಯುವುದಿಲ್ಲ. ಹತ್ತು ನಿಮಿಷಕ್ಕೊಂದರಂತೆ ದಿನಕ್ಕೆ 144 ಸಾಲು ಇರಬೇಕು, ಎಣಿಸಿ ನೋಡಿ. ಕಡಿಮೆ ಇದ್ದರೆ ಸೀಕ್ ಫಂಕ್ಷನ್‌ನಿಂದ ಪೂರ್ತಿ ಸಮಯದ ಪಟ್ಟಿ ಮಾಡಿ, ಮರ್ಜ್‌ಗೆ ಆಲ್ ಟ್ರೂ ಕೊಟ್ಟು ಡೇಟಾ ಸೇರಿಸಿ, ಇಲ್ಲದಿದ್ದರೆ ಎರಡರಲ್ಲೂ ಇರುವ ಸಾಲುಗಳಷ್ಟೇ ಉಳಿಯುತ್ತವೆ. ಆಗ ಖಾಲಿ ಜಾಗ ಕಣ್ಣಿಗೆ ಕಾಣುತ್ತದೆ. ಪಟ್ಟಿ ಮಾಡದೆ ಹೋದರೆ ಸಾದಾ ಕಾಲಂನಲ್ಲಿ ಎನ್‌ಎ ಡಾಟ್ ಅಪ್ರಾಕ್ಸ್ ಸಮಯ ನೋಡುವುದಿಲ್ಲ, ಸಾಲಿನ ಕ್ರಮವನ್ನಷ್ಟೇ ನೋಡುತ್ತದೆ. 10:00ಕ್ಕೆ 24 ಡಿಗ್ರಿ, 10:30 ಖಾಲಿ, 10:40ಕ್ಕೆ 28 ಅಂದುಕೊಳ್ಳಿ. ಸಮಯದ ಲೆಕ್ಕದಲ್ಲಿ 27 ಬರಬೇಕು, ಸಾಲಿನ ಲೆಕ್ಕದಲ್ಲಿ 26 ಬರುತ್ತದೆ. ಅದರ ಎಕ್ಸ್ ಆರ್ಗ್ಯುಮೆಂಟಿಗೆ ಸಮಯದ ಕಾಲಂ ಕೊಟ್ಟರೂ ಸರಿಹೋಗುತ್ತದೆ. ಹಾಗೆಯೇ ಲಾಗರ್ ಖಾಲಿ ಜಾಗಕ್ಕೆ ಮೈನಸ್ 999 ಬರೆದಿದ್ದರೆ ಮೊದಲು ಅದನ್ನು ಎನ್‌ಎ ಮಾಡಿ.

ಎಷ್ಟು ಉದ್ದದ ಅಂತರವನ್ನು ತುಂಬಬಹುದು ಅನ್ನುವುದನ್ನು ನೀವೇ ತೀರ್ಮಾನಿಸಬೇಕು, ಫಂಕ್ಷನ್ ಅದನ್ನು ಹೇಳುವುದಿಲ್ಲ. ನಾನೊಮ್ಮೆ ಬೆಳಿಗ್ಗೆ 6ರಿಂದ ಸಂಜೆ 6ರವರೆಗಿನ ಅಂತರಕ್ಕೆ ಗೆರೆ ಎಳೆದುಬಿಟ್ಟೆ. ಎರಡೂ ತುದಿ ತಂಪು, ಹಾಗಾಗಿ ಮಧ್ಯಾಹ್ನದ ಬಿಸಿಯೇ ಮಾಯವಾಗಿ ಆ ವಾರದ ಗರಿಷ್ಠದ ಲೆಕ್ಕವೆಲ್ಲ ಕೆಟ್ಟಿತು. ತಾಪಮಾನಕ್ಕೆ ಮ್ಯಾಕ್ಸ್‌ಗ್ಯಾಪ್ ಆಯ್ಕೆಯನ್ನು 6 ಇಟ್ಟು ನೋಡಿ, ಅಂದರೆ ಸತತ ಆರು ಖಾಲಿ ಸಾಲು, ಒಂದು ಗಂಟೆ. ಅದಕ್ಕಿಂತ ಉದ್ದದ ಅಂತರವನ್ನು ಅದು ಮುಟ್ಟದೆ ಬಿಡುತ್ತದೆ. ಮುಂದೆ ಪೈಥಾನ್‌ಗೆ ಹೋದರೆ ಜೋಕೆ: ಅಲ್ಲಿನ ಪಾಂಡಾಸ್ ಲೈಬ್ರರಿಯಲ್ಲಿ ಖಾಲಿ ಜಾಗ ತುಂಬುವಾಗ ಕೊಡುವ ಲಿಮಿಟ್ ಹಾಗಲ್ಲ, 6 ಕೊಟ್ಟರೆ, ಉದ್ದದ ಅಂತರದಲ್ಲೂ ಮೊದಲ 6 ಜಾಗ ತುಂಬಿ ಉಳಿದದ್ದನ್ನು ಖಾಲಿ ಬಿಡುತ್ತದೆ.

ಎಲ್ಲ ಕಾಲಂಗೂ ಒಂದೇ ಮದ್ದು ಹಾಕಬೇಡಿ. ಗಾಳಿಯ ದಿಕ್ಕು 350 ಮತ್ತು 10 ಡಿಗ್ರಿಯ ನಡುವೆ ಗೆರೆ ಎಳೆದರೆ 180 ಬರುತ್ತದೆ, ಉತ್ತರದ ಗಾಳಿ ದಕ್ಷಿಣದ್ದಾಗುತ್ತದೆ. ದಿಕ್ಕನ್ನು ಸೈನ್, ಕೊಸೈನ್ ಮಾಡಿ ಅವೆರಡನ್ನು ತುಂಬಿ, ಏಟ್ಯಾನ್ 2 ಫಂಕ್ಷನ್‌ನಿಂದ ವಾಪಸ್ ಡಿಗ್ರಿಗೆ ತನ್ನಿ. ಮಳೆಗೆ ಗೆರೆಯೇ ಬೇಡ. ಮೀಟರ್ ಒಟ್ಟು ಮೊತ್ತ ತೋರಿಸುವಂಥದ್ದಾಗಿದ್ದು ನಡುವೆ ಸೊನ್ನೆಗೆ ಇಳಿಯದಿದ್ದರೆ ಎರಡು ತುದಿಗಳ ವ್ಯತ್ಯಾಸವೇ ಆ ಅವಧಿಯ ಮಳೆ. ಯಾವ ಹತ್ತು ನಿಮಿಷದಲ್ಲಿ ಎಷ್ಟು ಬಿತ್ತು ಅನ್ನುವುದು ಸಿಗದು. ನುಣುಪಾಗಿ ಕಾಣುತ್ತದೆಂದು ಬಾಗಿದ ಗೆರೆ ಎಳೆಯುವ ಎನ್‌ಎ ಡಾಟ್ ಸ್ಪ್ಲೈನ್ ಹಾಕಿದರೆ ತೇವಾಂಶ 100 ದಾಟಿ ಹೋಗುವುದೂ ಉಂಟು.

ತುಂಬುವ ಮೊದಲೇ, ಯಾವ ಸಾಲು ಖಾಲಿ ಎಂದು ಹೇಳುವ ಈಸ್ ಡಾಟ್ ಎನ್‌ಎ ಫಲಿತಾಂಶವನ್ನು ಪ್ರತ್ಯೇಕ ಕಾಲಂನಲ್ಲಿ ಉಳಿಸಿ, ಮೂಲ ಕಾಲಂ ಮೇಲೆ ಬರೆಯಬೇಡಿ. ಆಮೇಲೆ ಪೂರ್ತಿ ಅಂಕಿ ಇರುವ ಒಂದು ದಿನ ತೆಗೆದುಕೊಂಡು, ಬೇಕೆಂದೇ ಬೆಳಿಗ್ಗೆಯ ಒಂದು ಗಂಟೆ, ಮಧ್ಯಾಹ್ನದ ಒಂದು ಗಂಟೆ ಅಳಿಸಿ ತುಂಬಿಸಿ ನೋಡಿ. ನಿಜವಾದ ಅಂಕಿಗೂ ತುಂಬಿದ್ದಕ್ಕೂ ಎಷ್ಟು ಡಿಗ್ರಿ ದೂರ ಅನ್ನುವುದು ಗೊತ್ತಾದರೆ ಮ್ಯಾಕ್ಸ್‌ಗ್ಯಾಪ್ 6 ಸಾಕೋ, 3ಕ್ಕೆ ಇಳಿಸಬೇಕೋ ತಿಳಿಯುತ್ತದೆ. ಆ ಈಸ್ ಡಾಟ್ ಎನ್‌ಎ ಕಾಲಂ ಅನ್ನು ಸತತ ಒಂದೇ ಬೆಲೆಗಳನ್ನು ಎಣಿಸುವ ಆರ್‌ಎಲ್‌ಇ ಫಂಕ್ಷನ್‌ಗೆ ಕೊಟ್ಟರೆ ಪ್ರತಿ ಅಂತರದ ಉದ್ದ ಸಿಗುತ್ತದೆ. ಅದನ್ನು ಇಲ್ಲಿ ಹಾಕಿ, ಉದ್ದದ ಅಂತರಗಳಿಗೆ ಏನು ಮಾಡಬಹುದೆಂದು ನೋಡೋಣ.