ಜ್ವರದ ರಾತ್ರಿ ಮಳೆ ಸಪ್ಪಳ

ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರ ಪತ್ರ: “ನಾನು ಕಳಿಸಿದ್ದ ಕಥೆಯನ್ನು ‘ಆಚೆ ಹೆಚ್ಚಾಯಿತು, ಈಚೆ ಸಾಲದು’ ಎಂದು ಒಂದೇ ಸಾಲು ಗೀಚಿ ವಾಪಸ್ ಮಾಡಿದ್ದೀರಿ. ರೇಷ್ಮೆ ಹುಳು ಸಾಕುವ ಹುಡುಗ ಸೀನ ಒಂದು ರಾತ್ರಿ ಹುಳು ಮನೆಯೊಳಗೆ ಮಾಯಾಲೋಕದ ಬಾಗಿಲು ಕಾಣುತ್ತಾನೆ, ಮೂರು ದಿನ ಅಲ್ಲಿದ್ದು ಬರುತ್ತಾನೆ. ಮಾಯಾಲೋಕ ಅಂದ ಮೇಲೆ ಏನು ಬೇಕಾದರೂ ಆಗಬಹುದಲ್ಲವೇ? ನಮ್ಮ ಮನೆಯಲ್ಲೂ ಹುಳು ಸಾಕುತ್ತೇವೆ. ಸೊಪ್ಪು, ಸುಣ್ಣ, ಹಿಕ್ಕೆ ಇವನ್ನೆಲ್ಲ ಯಾರು ಓದುತ್ತಾರೆ ಎಂದು ಬೇಕೆಂದೇ ಬಿಟ್ಟೆ. ಸಾಲದು ಎಂದರೆ ಎಷ್ಟು ಸಾಲದು? ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಜ್ವರ ಎದ್ದಿವೆ, ಕೆಲಸ ಜಾಸ್ತಿ, ಆದರೂ ಕೂತು ಬರೆಯುತ್ತಿದ್ದೇನೆ. ಬಿಡಿಸಿ ಹೇಳಿ.”

ಸಂಪಾದಕರ ಉತ್ತರ:

ಒಂದೇ ಸಾಲಿನಲ್ಲಿ ಕೈ ತೊಳೆದುಕೊಂಡದ್ದು ನಮ್ಮ ತಪ್ಪು. ಎಷ್ಟು ಎಂದು ಕೇಳಿದ್ದೀರಲ್ಲ, ಲೆಕ್ಕದಿಂದಲೇ ಶುರು ಮಾಡೋಣ. ನಿಮ್ಮ ಕಥೆ 14 ಪುಟ. ಅದರಲ್ಲಿ ಶಿಡ್ಲಘಟ್ಟ ಇರುವುದು ಒಂದೂವರೆ ಪುಟ. ‘ಅದೊಂದು ಬಡ ರೈತ ಕುಟುಂಬ’ ಎಂದು ಹೊರಟು ‘ಅಂದು ಹುಣ್ಣಿಮೆ’ ಎಂಬಲ್ಲಿಗೆ ಅದೂ ಮುಗಿಯಿತು. ಉಳಿದದ್ದೆಲ್ಲ ಆಚೆ. ಸೀನ ಆ ಸಲ ಎಷ್ಟು ಮೊಟ್ಟೆಯ ಹುಳು ತಂದಿದ್ದ, ಸೊಪ್ಪು ತೋಟದ್ದೋ ಕೊಂಡದ್ದೋ, ಮನೆಯಲ್ಲಿ ಇನ್ಯಾರಿದ್ದಾರೆ, ಒಂದೂ ಗೊತ್ತಾಗುವುದಿಲ್ಲ. ಅಂಥವನು ರೇಷ್ಮೆಯ ಅರಮನೆ ಕಂಡು ಬೆರಗಾದ ಎಂದು ನೀವು ಬರೆದರೆ ‘ಆಗಲಿ ಪಾಪ’ ಎಂದು ಪುಟ ಮಗುಚುತ್ತೇವೆ, ಅಷ್ಟೇ.

ಇನ್ನು ‘ಏನು ಬೇಕಾದರೂ ಆಗಬಹುದು’ ಎಂಬ ಮಾತು. ಆಚೆ ಆಗಲಿ, ಈಚೆ ಆಗುವ ಹಾಗಿಲ್ಲ. ಎರಡನೇ ಪುಟದಲ್ಲಿ ಸೀನ ಸೊಳ್ಳೆ ಬತ್ತಿ ಹಚ್ಚುತ್ತಾನೆ, ಅದರ ಹೊಗೆ ಸುರುಳಿ ಸುತ್ತಿ ಬಾಗಿಲಾಗುತ್ತದೆ. ಚಿತ್ರ ಚೆನ್ನಾಗಿದೆ. ಆದರೆ ಹುಳು ಮನೆಯೊಳಗೆ ಸೊಳ್ಳೆ ಬತ್ತಿ ಹಚ್ಚುವವರು ಉಂಟೇ? ಸೊಳ್ಳೆಯನ್ನು ಕೊಲ್ಲುವ ಮದ್ದು ರೇಷ್ಮೆ ಹುಳುವನ್ನೂ ಬಿಡುವುದಿಲ್ಲ. ಬೆಳಗಾಗುವುದರೊಳಗೆ ತಲೆ ಒದರಿ, ಹಸಿರು ನೀರು ಕಕ್ಕಿ, ಮುದುಡಿ ಬಿದ್ದಿರುತ್ತವೆ. ನಿಮ್ಮ ಮನೆಯಲ್ಲಿ ಯಾರಾದರೂ ಹಚ್ಚಿದರೆ ನೀವೇ ಕಿತ್ತು ಎಸೆಯುತ್ತೀರಿ. ಹೊಗೆಯ ಬಾಗಿಲನ್ನು ನಂಬಲು ಓದುಗ ತಯಾರಿದ್ದ, ಬತ್ತಿಯನ್ನು ನಂಬಲಿಲ್ಲ. ನಿಮ್ಮ ಜಿಲ್ಲೆಯ ಓದುಗ ಕಥೆಯನ್ನು ಅಲ್ಲೇ ಕೆಳಗಿಡುತ್ತಾನೆ.

ಬಾಗಿಲಿಗಾಗಿ ಅಷ್ಟು ಕಷ್ಟ ಪಡುವ ಅಗತ್ಯವೂ ಇರಲಿಲ್ಲ. ಹುಳು ಮನೆಗೆ ಹೇಗೆ ಹೋಗುತ್ತೀರಿ, ಒಂದು ಸಲ ನೆನಪು ಮಾಡಿಕೊಳ್ಳಿ. ಚಪ್ಪಲಿ ಹೊರಗೆ. ಹೊಸ್ತಿಲಲ್ಲಿ ಬ್ಲೀಚಿಂಗ್ ಪುಡಿ ಬೆರೆಸಿದ ಸುಣ್ಣ ತುಳಿಯಬೇಕು. ಕೈ ತೊಳೆಯಬೇಕು. ತಂಬಾಕು ಮುಟ್ಟಿದ ಕೈ ಕೂಡದು. ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ನುಗ್ಗದಂತೆ ಕಿಟಕಿಗೆಲ್ಲ ನೈಲಾನ್ ಪರದೆ, ಒಳಗೆ ಹೋದ ತಕ್ಷಣ ಬಾಗಿಲು ಮುಚ್ಚಬೇಕು. ಗುಡಿಗಿಂತ ಮಡಿ ಜಾಸ್ತಿ. ಇಂಥ ಹೊಸ್ತಿಲನ್ನು ದಿನಕ್ಕೆ ಆರು ಸಲ ದಾಟುವವನಿಗೆ ಪಕ್ಕದಲ್ಲೇ ಇನ್ನೊಂದು ಚಿನ್ನದ ಬಾಗಿಲು ಕೊರೆದಿರಿ. ಇರುವ ಹೊಸ್ತಿಲೇ ಸಾಕು. ಯಾವತ್ತೋ ಒಂದು ದಿನ ಸುಣ್ಣ ತುಳಿದು ಒಳಗೆ ಹೋದವನ ಹೆಜ್ಜೆ ಗುರುತು ಒಳಗಡೆ ಎರಡು ಜೊತೆ ಕಂಡರೆ, ಕಥೆ ಆಗಲೇ ಶುರುವಾಗಿದೆ.

ಸಾಮಾನ್ಯ ಮನುಷ್ಯ ಮಾಯೆಯನ್ನು ಒಂದೇ ಏಟಿಗೆ ಕಾಣುವುದಿಲ್ಲ. ಮೊದಲು ಗೊತ್ತಿರುವ ಕಾರಣಗಳನ್ನೆಲ್ಲ ತಡಕುತ್ತಾನೆ, ಅವು ಮುಗಿದ ಮೇಲಷ್ಟೇ ಬೆವರುತ್ತಾನೆ. ನಿಮ್ಮ ಕಸುಬಿನಲ್ಲಿ ಇದಕ್ಕೆ ಬೇಕಾದ ಸಾಮಾನು ಬೇಕಾದಷ್ಟಿದೆ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಿನ್ನುವುದು ನಿಲ್ಲಿಸಿ, ತಲೆ ಎತ್ತಿ, ಕಲ್ಲಿನಂತೆ ಕೂರುತ್ತದೆ. ಅದಕ್ಕೇ ‘ಜ್ವರ’ ಎನ್ನುವುದು. ಗೊತ್ತಿಲ್ಲದ ಓದುಗರಿಗಾಗಿ ಕಥೆಯಲ್ಲಿ ಅರ್ಧ ಸಾಲು ಹಾಕಿದರೆ ಸಾಕು. ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪು ತಿನ್ನುವಾಗ ಮಳೆ ಬಿದ್ದಂತೆ ಸಪ್ಪಳವಾಗುವುದು ನಿಮ್ಮೂರಿನ ಮಕ್ಕಳಿಗೂ ಗೊತ್ತು. ಈ ಎರಡನ್ನೂ ಒಂದರ ಪಕ್ಕ ಒಂದು ಇಡಿ:

“ಮೂರನೇ ಜ್ವರಕ್ಕೆ ಕೂತ ಹುಳುಗಳ ಮೇಲೆ ಸುಣ್ಣದ ಪುಡಿ ಉದುರಿಸಿ, ದೀಪ ಆರಿಸಿ, ಸೀನ ಜಗಲಿಗೆ ಬಂದು ಮಲಗಿದ. ಕಣ್ಣು ಹತ್ತುವಷ್ಟರಲ್ಲಿ ಮಳೆ ಸಪ್ಪಳ. ಅಂಗಳದಲ್ಲಿ ಹರವಿದ್ದ ರಾಗಿ ನೆನಪಾಗಿ ಎದ್ದು ಓಡಿದ. ನೆಲ ಒಣಗಿತ್ತು, ಚುಕ್ಕಿ ಕಾಣುತ್ತಿದ್ದವು. ನಲ್ಲಿ ಮುಟ್ಟಿ ನೋಡಿದ, ತೊಟ್ಟಿಕ್ಕುತ್ತಿರಲಿಲ್ಲ. ಪಕ್ಕದ ಮನೆಯವರು ಗೂಡು ಮಾರಿ ನಾಲ್ಕು ದಿನವಾಗಿತ್ತು. ಬಾಗಿಲು ತೆಗೆದು ಟಾರ್ಚ್ ಬಿಟ್ಟ. ಸಪ್ಪಳ ಅಲ್ಲೇ ಇತ್ತು, ದೊಡ್ಡ ಹುಳು ತಿನ್ನುವ ಸಪ್ಪಳ, ಇನ್ನೂ ಐದಾರು ದಿನ ಬಿಟ್ಟು ಬರಬೇಕಾದದ್ದು. ತಟ್ಟೆಯಲ್ಲಿ ಒಂದು ಹುಳುವೂ ಬಾಯಾಡಿಸುತ್ತಿರಲಿಲ್ಲ.”

ಇದರಲ್ಲಿ ಮಾಯೆ ಎಂಬ ಮಾತೇ ಇಲ್ಲ, ‘ವಿಚಿತ್ರ’, ‘ಅಗೋಚರ’, ‘ನಿಗೂಢ’ ಕೂಡ ಇಲ್ಲ. ನಿಮ್ಮ ಮೂರನೇ ಪುಟವೊಂದರಲ್ಲೇ ಇವು ಒಂಬತ್ತು ಸಲ ಬಂದಿವೆ. ಮಳೆಯೇ, ನಲ್ಲಿಯೇ, ಪಕ್ಕದ ಮನೆಯೇ ಎಂದು ಮೂರು ಕಡೆ ಹುಡುಕಿದ್ದಾನೆ. ಮೂರು ಸಾಕು. ಐದಾದರೆ ಪತ್ತೇದಾರಿ ಕಥೆಯಾಗುತ್ತದೆ.

ಈಗ ದೊಡ್ಡ ತಪ್ಪಿಗೆ ಬರೋಣ. ನಿಮ್ಮ ಸೀನ ಮೂರು ದಿನ ಆಚೆ ಇರುತ್ತಾನೆ. ಯಾವ ಮೂರು ದಿನ? ಕಥೆಯಲ್ಲಿ ‘ದೊಡ್ಡ ಹುಳು’ ಎಂದಿದೆ, ಅಂದರೆ ಕೊನೆಯ ಹಂತ. ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಈ ಒಂದು ವಾರದ್ದು. ನೂರು ಮೊಟ್ಟೆ (ಒಂದು ಚಿಟ್ಟೆ ಇಟ್ಟ ಇಡೀ ಗುಂಪಿಗೆ ಒಂದು ಮೊಟ್ಟೆ ಎಂದು ಲೆಕ್ಕ) ಎಂದರೆ 40ರಿಂದ 50 ಸಾವಿರ ಹುಳು. ದಿನಕ್ಕೆ ಮೂರು ಸಲ ಸೊಪ್ಪು ಕಡಿದು ತಂದು ಹಾಕಬೇಕು. ಆ ಮೂರು ದಿನ ಯಾರು ಹಾಕಿದರು? ನೀವು ಹೇಳಿಲ್ಲ. ಅವನು ಅರಮನೆಯಲ್ಲಿ ನೃತ್ಯ ನೋಡುತ್ತಿದ್ದಾನೆ, ಓದುಗ ಮಾತ್ರ ಹುಳು ಸಾಯುತ್ತಿವೆಯಲ್ಲಾ ಎಂದು ಚಡಪಡಿಸುತ್ತಾನೆ. ‘ಆಚೆಯ ಮೂರು ದಿನ ಈಚೆಯ ಮೂರು ಗಳಿಗೆ’ ಎಂದು ದಾಟಿಕೊಳ್ಳಬಹುದು. ಅಜ್ಜಿ ಕಥೆಯ ಕಾಲದಿಂದಲೂ ಇರುವ ಉಪಾಯ. ಆದರೆ ಹಾಗೆ ಮಾಡಿದರೆ ಹೋದವನಿಗೆ ಈಚೆ ಏನೂ ನಷ್ಟವಿಲ್ಲ, ಕಥೆಗೆ ಬಿಗಿ ಬರುವುದಿಲ್ಲ.

ಕಸುಬೇ ನಿಮಗೆ ರಜೆ ಪಟ್ಟಿ ಕೊಟ್ಟಿದೆ, ನೋಡಿ. ಹುಳು ತಿನ್ನದ ಹೊತ್ತಿನಲ್ಲಿ ಮಾತ್ರ ಸಾಕುವವನಿಗೆ ಬಿಡುವು. ಈಗ ಬಹುತೇಕ ಮನೆಗಳಿಗೆ ಎರಡನೇ ಜ್ವರ ಎದ್ದ ಚಾಕಿ (ಎಳೆಯ) ಹುಳುಗಳೇ ಬರುವುದರಿಂದ ಮನೆಯಲ್ಲಿ ಸಿಗುವುದು ಎರಡೇ ಜ್ವರ. ಮೂರನೆಯದು ಸುಮಾರು ಒಂದು ದಿನ, ನಾಲ್ಕನೆಯದು ಇನ್ನೂ ಆರೇಳು ಗಂಟೆ ಜಾಸ್ತಿ. ಆಮೇಲೆ ಹುಳು ಹಣ್ಣಾಗಿ, ಅಂದರೆ ತಿನ್ನುವುದು ಮುಗಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆ ಹತ್ತಿದರೆ ದೊಡ್ಡ ರಜೆ. ಗೂಡು ಕಟ್ಟಲು ಎರಡು ಮೂರು ದಿನ, ಬಿಡಿಸುವುದು ಐದನೆಯ ಅಥವಾ ಆರನೆಯ ದಿನ. ಅದಕ್ಕೆ ಮುಂಚೆ ಬಿಡಿಸಿದರೆ ಒಳಗಿನ ಕೋಶ (ಚಿಟ್ಟೆಯಾಗಲಿರುವ ಹುಳು) ಇನ್ನೂ ಮೆತ್ತಗಿದ್ದು ಒಡೆದು ಗೂಡಿಗೆ ಕರೆ ಹಿಡಿಯುತ್ತದೆ. (ನಿಮ್ಮ ಹನ್ನೊಂದನೇ ಪುಟದಲ್ಲಿ ಮೂರನೇ ದಿನಕ್ಕೇ ಗೂಡು ಮಾರುಕಟ್ಟೆಗೆ ಹೋಗಿದೆ, ತಿದ್ದಿಕೊಳ್ಳಿ.) ತೀರಾ ತಡಮಾಡಿದರೆ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ಆಮೇಲೆ ನೂಲು ಬಿಚ್ಚಲು ಬರುವುದಿಲ್ಲ. ಅಲ್ಲಿಗೆ ನಿಮ್ಮ ಕಥೆಗೆ ಎರಡು ಸಣ್ಣ ಪ್ರಯಾಣ, ಒಂದು ದೊಡ್ಡ ಪ್ರಯಾಣ, ಅದಕ್ಕೊಂದು ಗಡುವು. ಯಾವ ಮಾಂತ್ರಿಕನೂ ಹಾಕದಂಥ ಗಡುವು.

ಆಚೆಯ ನಿಯಮ ಒಂದೇ ಇರಲಿ. ಈಗ ನಿಮ್ಮ ಕಥೆಯಲ್ಲಿ ಹಾರುವ ಕುದುರೆ, ಮಾತಾಡುವ ಗಿಳಿ, ಅದೃಶ್ಯನಾಗುವ ಉಂಗುರ, ಮುಟ್ಟಿದರೆ ಚಿನ್ನವಾಗುವ ಕಲ್ಲು ಇಷ್ಟೂ ಇವೆ. ಉಂಗುರವಂತೂ ಎಂಟನೇ ಪುಟದ ನಂತರ ನಿಮಗೇ ಮರೆತುಹೋಗಿದೆ. ಒಂದನ್ನೇ ಹಿಡಿದು ಅದರ ಬೆಲೆ ಕಟ್ಟಿ. ಉದಾಹರಣೆಗೆ: ಎಳೆ ಬಿಡುತ್ತಾ ಹೋದವನು ಮಾತ್ರ ವಾಪಸ್ ಬರಬಲ್ಲ. ಮಿಶ್ರತಳಿ ಗೂಡೊಂದರಲ್ಲಿ ಹೆಚ್ಚುಕಡಿಮೆ 800 ಮೀಟರ್ ಎಳೆ. ಒಂದು ಕೆಜಿಗೆ 600 ಗೂಡು ಹಿಡಿದರೂ 480 ಕಿಲೋಮೀಟರ್ ಆಗಿಹೋಯಿತು. ಶಿಡ್ಲಘಟ್ಟದಿಂದ ಹುಬ್ಬಳ್ಳಿ ಮುಟ್ಟಬಹುದು. ಅಗ್ಗವಾಯಿತು, ಇಷ್ಟು ಅಗ್ಗದ ಮಾಯೆ ಯಾರಿಗೆ ಬೇಕು? ಹಾಗಾದರೆ ಗೂಡಿನಿಂದ ನೂಲು ಬಿಚ್ಚುವ ರೀಲರ್‌ಗಳ ಲೆಕ್ಕಕ್ಕೆ ಬನ್ನಿ. ಒಂದೊಂದೇ ಎಳೆ ನಿಲ್ಲುವುದಿಲ್ಲ, ಎಂಟು ಹತ್ತು ಸೇರಿದರೇ ನೂಲು. ಮನುಷ್ಯನನ್ನು ಹಿಡಿದಿಡಲು ಅಂಥ ಹತ್ತು ನೂಲಿನ ಹುರಿ ಬೇಕು ಎಂದುಕೊಳ್ಳಿ. ಆಗ ಒಂದು ಕೆಜಿ ಗೂಡಿಗೆ ಸುಮಾರು 5 ಕಿಲೋಮೀಟರ್. ಇದು ಬೆಲೆ. ಪ್ರತಿ ಮೈಲಿಗಲ್ಲಿಗೂ ಸೀನನ ಹೊಟ್ಟೆ ಉರಿಯಬೇಕು.

ಈ ನಿಯಮ ಇಟ್ಟರೆ ಮೂರು ಪ್ರಯಾಣಗಳೂ ತಾವಾಗಿಯೇ ಬೇರೆ ಬೇರೆಯಾಗುತ್ತವೆ. ಮೂರನೇ ಜ್ವರದಲ್ಲಿ ಅವನ ಹತ್ತಿರ ಗೂಡೇ ಇಲ್ಲ. ಹೊಸ್ತಿಲಲ್ಲಿ ಬಾಗಿಲ ಚೌಕಟ್ಟು ಹಿಡಿದು ಎಟಕುವಷ್ಟು ಬಗ್ಗಿ ನೋಡುತ್ತಾನೆ, ಅಷ್ಟೇ. ನಾಲ್ಕನೇ ಜ್ವರದಲ್ಲಿ, ಕಳೆದ ಬೆಳೆಯಲ್ಲಿ ಉಳಿದು ಚಿಟ್ಟೆ ಹೊರಬಂದ ತೂತು ಗೂಡುಗಳ ಹಾರವೊಂದು ಬಾಗಿಲಿಗೆ ಕಟ್ಟಿರುತ್ತದಲ್ಲ, ಅದನ್ನು ಬಿಚ್ಚಿಕೊಂಡು ಹೋಗುತ್ತಾನೆ. ತೂತು ಗೂಡಿನ ಎಳೆ ತುಂಡು ತುಂಡು. ಹತ್ತು ಮಾರು ಹೋಗುವುದರೊಳಗೆ ಕಡಿಯುತ್ತದೆ. ಕತ್ತಲಲ್ಲಿ ತುದಿ ಹುಡುಕುವ ಆ ಒಂದು ಪುಟವನ್ನು ನಿಧಾನವಾಗಿ ಬರೆಯಿರಿ, ನಿಮ್ಮ ಯುದ್ಧದ ದೃಶ್ಯಕ್ಕಿಂತ ಅದು ಹೆಚ್ಚು ಭಯ ಹುಟ್ಟಿಸುತ್ತದೆ.

ಮೂರನೆಯದಕ್ಕೆ ಚಂದ್ರಿಕೆಯಿಂದ ತನ್ನದೇ ಗೂಡು ಕೀಳಬೇಕು. ಎಂಟು ಕೆಜಿ ಎಂದಿಟ್ಟುಕೊಳ್ಳಿ, 40 ಕಿಲೋಮೀಟರ್. ನಾಲ್ಕನೇ ದಿನ ಹೊರಟು ಎಂಟನೇ ದಿನ ಮರಳುತ್ತಾನೆ. ಗೂಡು ಬಿಡಿಸುವುದು ಎರಡು ದಿನ ತಡವಾಗಿದೆ, ಅವರಮ್ಮ ಒಬ್ಬಳೇ ಬಿಡಿಸುತ್ತಾ ಕೂತಿದ್ದಾಳೆ, ಎಲ್ಲಿಗೆ ಹೋಗಿದ್ದೆ ಎಂದು ಕೇಳುವುದಿಲ್ಲ. (ಕೇಳಿಸಬೇಡಿ. ಕೇಳಿದರೆ ಅವನು ಉತ್ತರ ಹೇಳಬೇಕಾಗುತ್ತದೆ.) ಬಳಸಿದ ಗೂಡುಗಳು ನೋಡುವುದಕ್ಕೆ ಹಾಗೇ ಇವೆ, ಒತ್ತಿದರೂ ಗಟ್ಟಿ, ಒಳಗೆ ಮಾತ್ರ ಎಳೆಯಿಲ್ಲ. ಸಾಲ ಇದೆ. ಒಳ್ಳೆಯ ಗೂಡಿನ ಜೊತೆ ಬೆರೆಸಿ ಮಾರುಕಟ್ಟೆಯ ಜಾಲರಿಗೆ ಸುರಿಯುತ್ತಾನೆ.

ಹರಾಜಿನಲ್ಲಿ ಯಾರಿಗೂ ತಿಳಿಯುವುದಿಲ್ಲ, ತಿಳಿಯುವುದು ಬಿಸಿನೀರಿನಲ್ಲಿ. ಇಂಥ ಗೂಡು ಏಳೂವರೆ ಕೆಜಿ ಬಿಚ್ಚಿದರೆ ಒಂದು ಕೆಜಿ ನೂಲು ಬರಬೇಕು. ಸೀನನ ಲಾಟು ಒಟ್ಟು 65 ಕೆಜಿ, ಅದರಲ್ಲಿ 8 ಕೆಜಿ ಖಾಲಿ. ಹಾಗಾಗಿ ರೀಲರ್‌ಗೆ ಎಂಟೂವರೆ ಕೆಜಿ ಬೇಕಾಗುತ್ತದೆ. ವರ್ಷಗಟ್ಟಲೆ ಅವನ ಗೂಡು ಹಿಡಿದ ರೀಲರ್ ಆ ಒಂದು ಕೆಜಿ ವ್ಯತ್ಯಾಸವನ್ನು ಬಿಡುವವನಲ್ಲ. ಬೇಯಿಸಿ, ಕೆರೆದು ಕೆರೆದು ನೋಡಿದರೂ ತುದಿ ಸಿಗದ ಗೂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಸೀನನ ಮನೆ ಬಾಗಿಲಿಗೆ ಬರುತ್ತಾನೆ. ನಿಮ್ಮ ಬಿಳಿ ಗಡ್ಡದ ಋಷಿಯ ಜಾಗಕ್ಕೆ ಇವನನ್ನು ತನ್ನಿ. ಋಷಿಗೆ ಎಲ್ಲ ಗೊತ್ತು, ಆದ್ದರಿಂದ ಅವನ ಹತ್ತಿರ ಕಥೆಯಿಲ್ಲ. ಇವನಿಗೆ ಗೊತ್ತಿರುವುದು ಲೆಕ್ಕ ಕೂಡುತ್ತಿಲ್ಲ ಎಂಬುದೊಂದೇ.

ಪುಟ ಹಂಚಿಕೆ ಕೇಳಿದರೆ: ಹತ್ತು ಪುಟದ ಕಥೆಯಲ್ಲಿ ಮೊದಲ ಮೂರು ಪೂರ್ತಿ ಈಚೆ, ಕೊನೆಯ ಎರಡೂವರೆ ಈಚೆ. ನಡುವಿನದರಲ್ಲಿ ಆಚೆಗೆ ನಾಲ್ಕು ಸಿಕ್ಕರೆ ಹೆಚ್ಚು.

ಆಚೆಯವರ ಭಾಷೆಯ ಬಗ್ಗೆ ಒಂದು ಮಾತು. ನಿಮ್ಮ ರಾಣಿ ‘ಎಲೈ ಮಾನವನೇ’ ಎನ್ನುತ್ತಾಳೆ, ಪೌರಾಣಿಕ ನಾಟಕದ ಹುಡುಗಿ ಪರದೆ ಹರಿದುಕೊಂಡು ಬಂದಂತೆ. ನಿಮ್ಮ ಕಡೆ ಎಷ್ಟೋ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ನೂಲು ಬಿಚ್ಚುವ ಫಿಲೇಚರ್ ಕಡೆ ಹೋದರೆ ಉರ್ದು. ದಿನಕ್ಕೆ ಮೂರು ಲೋಕ ದಾಟುವ ಹುಡುಗನಿಗೆ ನಾಲ್ಕನೆಯ ಭಾಷೆ ಹೇಗೆ ಕೇಳಿಸೀತು? ಅರ್ಧ ತಿಳಿದು ಅರ್ಧ ತಿಳಿಯದೆ, ಯಾವುದೋ ನೆಂಟರ ಮನೆಯ ಮಾತಿನಂತೆ. ಅದನ್ನು ಬರೆಯಿರಿ.

ಹಿಮಾಲಯ, ದೇವದಾರು ತೆಗೆದುಬಿಡಿ. ಚಿನ್ನದ ನದಿಯೂ ಬೇಡ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಎರಡೂ ನಿಮ್ಮ ನಂದಿ ಬೆಟ್ಟದ ಸಾಲಿನಲ್ಲೇ ಹುಟ್ಟುತ್ತವೆ, ಆದರೂ ನಿಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಬೋರ್‌ವೆಲ್ ಸಾವಿರ ಅಡಿ ಇಳಿದರೂ ಧೂಳು ಬರುವ ಊರಿನ ಹುಡುಗ ಆಚೆ ಬಗ್ಗಿ ನೋಡಿದಾಗ ಮೊಣಕಾಲುದ್ದ ನೀರು ಸುಮ್ಮನೆ ಹರಿದುಹೋಗುತ್ತಿರಲಿ, ಯಾರೂ ಪಂಪು ಇಟ್ಟಿರಬಾರದು. ಅವನಿಗೆ ಅಷ್ಟು ಸಾಕು, ನಮಗೂ.

‘ಕಣ್ಣುಜ್ಜಿಕೊಂಡು ನೋಡಿದರೆ ಎಲ್ಲ ಕನಸು’ ಎಂಬ ಕೊನೆಯ ಸಾಲನ್ನು ಹೊಡೆದುಹಾಕಿ. ಎಂಟು ಕೆಜಿ ಗೂಡು ಕನಸಿನಲ್ಲಿ ಖಾಲಿಯಾಗುವುದಿಲ್ಲ.

ಹೊಸ ಪ್ರತಿ 2500 ಪದ ಮೀರದಿರಲಿ, ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ. ಆದರೆ ಈಗಲ್ಲ. ಹುಳು ನಾಲ್ಕನೇ ಜ್ವರ ಎದ್ದಿವೆ ಎಂದಿದ್ದೀರಿ. ಸೊಪ್ಪು ಹಾಕಿ, ಗೂಡು ಮಾರಿ, ಮನೆ ತೊಳೆದು ಮುಂದಿನ ಚಾಕಿ ಬರುವವರೆಗೆ ಬಿಡುವಿರುತ್ತದಲ್ಲ, ಆಗ ಕೂತು ಬರೆದು ಕಳಿಸಿ.