ಗುಂಡಿಗೆ ಸಿಕ್ಕಿಸಿದ್ದ ಮರದ ಚೂರು

ಪ್ರಶ್ನೆ: ನಮ್ಮದು 40 ಜನ ದುಡಿಯುವ, ಲೋಹದ ಬಿಡಿಭಾಗ ಮಾಡುವ ಘಟಕ. 12 ಪುಟದ ಸುರಕ್ಷತಾ ನೀತಿ ಬರೆಸಿ, ಎಲ್ಲರ ಸಹಿ ಹಾಕಿಸಿ, ಗೋಡೆಗೂ ಅಂಟಿಸಿದ್ದೇವೆ. ಆದರೂ ಕಳೆದ ತಿಂಗಳು ತಗಡನ್ನು ಅಚ್ಚಿಗೆ ಒತ್ತಿ ಆಕಾರ ಕೊಡುವ ಪ್ರೆಸ್‌ನಲ್ಲಿ ಒಬ್ಬರ ಬೆರಳು ಜಜ್ಜಿತು. ನಿಯಮ ಮುರಿದವರಿಗೆ ದಂಡ ಹಾಕುವ ಅಂಶ ಸೇರಿಸಬೇಕಾ?

ಉತ್ತರ: ದಯವಿಟ್ಟು ಬೇಡ. ದಂಡ ಶುರುವಾದ ದಿನವೇ ಸಣ್ಣಪುಟ್ಟ ಅವಘಡಗಳ ಸುದ್ದಿ ನಿಮ್ಮ ಕಿವಿಗೆ ಬೀಳುವುದು ನಿಲ್ಲುತ್ತದೆ. ಆಮೇಲೆ ದೊಡ್ಡದೇ ಬಂದು ಬಾಗಿಲು ತಟ್ಟುತ್ತದೆ.

ನಾನು ಸುರಕ್ಷತಾ ಅಧಿಕಾರಿಯಾಗಿದ್ದ ಕಡೆಯೂ ಒಂದು ಪ್ರೆಸ್ ಇತ್ತು. ಎರಡು ಕೈಯಲ್ಲಿ ಎರಡು ಗುಂಡಿ ಒತ್ತಿದರೆ ಮಾತ್ರ ಅದು ಕೆಳಗಿಳಿಯಬೇಕು. ಕೈಗಳು ಗುಂಡಿಯ ಮೇಲಿದ್ದರೆ ಅಚ್ಚಿನೊಳಗೆ ಹೋಗುವ ಮಾತೇ ಇಲ್ಲ, ಅಲ್ವಾ? ಒಂದು ದಿನ ಬಗ್ಗಿ ನೋಡಿದರೆ ಎಡಗಡೆ ಗುಂಡಿಗೆ ಮರದ ಚೂರು ಸಿಕ್ಕಿಸಿದ್ದರು. ಎಣ್ಣೆ ಹೀರಿ ಕಪ್ಪಾಗಿತ್ತು, ಬೆರಳು ತಾಗಿ ತಾಗಿ ಅಂಚು ನುಣುಪಾಗಿತ್ತು. ಅಂದರೆ ತಿಂಗಳುಗಟ್ಟಲೆ ಅಲ್ಲೇ ಇತ್ತು. ನಾನು ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಪ್ರೆಸ್ ನಡೆಸುವವರನ್ನು ಬೈಯದೆ ಕೇಳಿದೆ. "ತಗಡು ಅಚ್ಚಿನಲ್ಲಿ ಕೂರಲ್ಲ ಸಾರ್, ಒಂದು ಕೈಯಲ್ಲಿ ಹಿಡಿಯಲೇಬೇಕು, ಇಲ್ಲದಿದ್ರೆ ಮಾಲು ರಿಜೆಕ್ಟ್ ಆಗುತ್ತೆ" ಅಂದರು. ಅಚ್ಚಿಗೆ ಎರಡು ಪಿನ್ ಹಾಕಿಸಿದೆವು. ತಗಡು ತಾನಾಗೇ ಕೂತಿತು. ಮರದ ಚೂರು ಮತ್ತೆ ಕಾಣಲಿಲ್ಲ. ಜೊತೆಗೆ ಗುಂಡಿಗಳ ಕಂಟ್ರೋಲನ್ನೂ ಬದಲಾಯಿಸಿದೆವು. ಎರಡನ್ನೂ ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಬೇಕು, ಪ್ರತಿ ಸಲವೂ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು. ಒಂದನ್ನು ಕಟ್ಟಿಹಾಕಿದರೆ ಪ್ರೆಸ್ ಅಲುಗಾಡುವುದಿಲ್ಲ.

ಹಾಗಾಗಿ ನಿಮ್ಮ 12 ಪುಟದಲ್ಲಿ ದಿನಾ ಮುರಿಯುವ ನಿಯಮ ಯಾವುದು ಅಂತ ಮೊದಲು ಹುಡುಕಿ. ಅಲ್ಲಿ ಕೆಲಸದಲ್ಲೇ ಏನೋ ತೊಡಕಿರುತ್ತದೆ. ಅಪಾಯವನ್ನೇ ತೆಗೆಯಲು ಆಗುತ್ತದಾ, ಇಲ್ಲವಾದರೆ ಕಡಿಮೆ ಅಪಾಯದ ದಾರಿ ಇದೆಯಾ, ಯಂತ್ರಕ್ಕೆ ಗಾರ್ಡ್, ಅಂದರೆ ಕೈ ಒಳಗೆ ಹೋಗದಂತೆ ತಡೆಯುವ ಕವಚ, ಹಾಕಬಹುದಾ ನೋಡಿ. ತರಬೇತಿ, ನಿಯಮ ಆಮೇಲೆ. ಹೆಲ್ಮೆಟ್, ಗ್ಲೌಸ್ ಕೊನೆಗೆ. ಬಹಳ ಕಡೆ ನೀತಿ ಶುರುವಾಗುವುದೇ ಹೆಲ್ಮೆಟ್‌ನಿಂದ. "ಎಲ್ಲರಿಗೂ ಗ್ಲೌಸ್ ಕಡ್ಡಾಯ" ಅಂತ ಸುಮ್ನೆ ಬರೆದಿದ್ದರೆ ಈಗಲೇ ತಿದ್ದಿ. ತಿರುಗುವ ಡ್ರಿಲ್ ಹತ್ತಿರ ಗ್ಲೌಸ್ ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ.

ಬರವಣಿಗೆ ಜಾಸ್ತಿ ಬೇಡ. ಮಾಲೀಕರ ಮಾತು ಒಂದು ಪುಟ, ಅವರ ಸಹಿಯೊಂದಿಗೆ. ಆಮೇಲೆ ಯಾರು ಏನು ಮಾಡಬೇಕು, ಹೇಗೆ ಮಾಡಬೇಕು. "ಸುರಕ್ಷತೆ ಎಲ್ಲರ ಹೊಣೆ" ಅಂತ ಬರೆದು ಬಿಟ್ಟರೆ ಅದು ಯಾರ ಹೊಣೆಯೂ ಆಗುವುದಿಲ್ಲ. ಪ್ರೆಸ್‌ನ ಗಾರ್ಡ್ ಪ್ರತಿ ಪಾಳಿಯ ಶುರುವಿಗೆ ಯಾರು ನೋಡುತ್ತಾರೆ ಅಂತ ಬರೆಯಿರಿ. ರಿಪೇರಿಗೆ ಇಳಿಯುವ ಪ್ರತಿಯೊಬ್ಬರೂ ಕರೆಂಟ್ ತೆಗೆದು ಸ್ವಿಚ್ಚಿಗೆ ತಮ್ಮದೇ ಬೀಗ ಹಾಕಬೇಕು, ಕೀಲಿ ಅವರ ಜೇಬಲ್ಲೇ ಇರಬೇಕು.

ಇನ್ನೊಂದು ಸಾಲು ಖಂಡಿತ ಸೇರಿಸಿ: ಜೀವಕ್ಕೆ ಅಪಾಯ ಅನಿಸಿದರೆ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು, ಅದಕ್ಕೆ ಶಿಕ್ಷೆ ಇಲ್ಲ. ಸಕಾರಣವಾಗಿ ಅಪಾಯದಿಂದ ಹಿಂದೆ ಸರಿದವರಿಗೆ ರಕ್ಷಣೆ ಇರಬೇಕು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೇ ಒಪ್ಪಂದವೂ ಹೇಳುತ್ತದೆ. ಮೊದಲ ಸಲ ಯಾರಾದರೂ ಯಂತ್ರ ನಿಲ್ಲಿಸಿದಾಗ ಎಲ್ಲರೂ ನಿಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ಆವತ್ತು ಸಿಡುಕಿದರೆ ಆ ಸಾಲು ಸತ್ತಂತೆ.

ಈಗಿನ ಪ್ರತಿಯನ್ನು ಗೋಡೆಯಿಂದ ಇಳಿಸಿ, ಪ್ರೆಸ್ ಪಕ್ಕ ಕೂತು ಹೊಸದಾಗಿ ಬರೆಯಿರಿ. ಬೆರಳು ಜಜ್ಜಿಸಿಕೊಂಡವರು ಕೆಲಸಕ್ಕೆ ಮರಳಿದ ಮೇಲೆ ಶುರು ಮಾಡಿ. ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕಾದದ್ದು ಅವರನ್ನೇ.